ಮಧ್ಯಸ್ಥಿಕೆ, ಆರೋಗ್ಯಸೇವೆಯ ಉದ್ಯೋಗ ವಿವಾದಗಳಲ್ಲಿ

ಆಸ್ಪತ್ರೆ, ಆರೋಗ್ಯ ಕೇಂದ್ರ, ಲ್ಯಾಬ್, ಆಂಬುಲೆನ್ಸ್ ಸೇವೆಗಳಲ್ಲಿ ದುಡಿಯುವವರ ನಡುವೆ, ಅಥವಾ ಅವರಿಗೂ ಆಡಳಿತಕ್ಕೂ ನಡುವೆ ಎದ್ದ ತಕರಾರನ್ನು ಮೂರನೆಯವರೊಬ್ಬರ ನೆರವಿನಿಂದ ಮಾತುಕತೆಯಲ್ಲೇ ಬಗೆಹರಿಸಿಕೊಳ್ಳುವ ಕ್ರಮ. ಆ ಮೂರನೆಯವರಿಗೆ ತೀರ್ಪು ಕೊಡುವ ಅಧಿಕಾರ ಇರುವುದಿಲ್ಲ. ಒಪ್ಪುವುದೂ ಬಿಡುವುದೂ ಕಕ್ಷಿಗಳ ಕೈಯಲ್ಲೇ ಇರುತ್ತದೆ. ಸಂಬಳ, ಬಡ್ತಿ, ವಜಾ ಇವುಗಳಿಂದ ಹಿಡಿದು ನೈಟ್ ಡ್ಯೂಟಿ ಪಟ್ಟಿ, ಹಬ್ಬದ ರಜೆ, ಆಪರೇಷನ್ ಥಿಯೇಟರಿನಲ್ಲಿ ಎತ್ತರಿಸಿದ ದನಿ, ತಪ್ಪಾಗಿ ಕೊಟ್ಟ ಔಷಧದ ಹೊಣೆ ಯಾರದೆಂಬ ಜಗಳದವರೆಗೆ ಇದರ ವ್ಯಾಪ್ತಿ ಹರಡಿದೆ. ರೋಗಿಯ ಕಡೆಯವರು ಆಸ್ಪತ್ರೆಯ ಮೇಲೆ ಹೂಡುವ ದೂರುಗಳ ದಾರಿ ಬೇರೆ.

ಕನ್ನಡದಲ್ಲಿ ಈ ವಿಷಯ ಬರೆಯುವವರಿಗೆ ಮೊದಲ ತೊಡಕು ಹೆಸರಿನದು. ಹಳೆಯ ಕಾನೂನು ಬರಹಗಳಲ್ಲಿ ‘ಮಧ್ಯಸ್ಥಗಾರ’ ಎಂದರೆ ತೀರ್ಮಾನ ಹೇಳುವ ಪಂಚ. ಇಂದಿನ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರದಲ್ಲಿ ಅದೇ ಮಾತಿಗೆ ತೀರ್ಮಾನ ಹೇಳದವನು ಎಂಬ ಅರ್ಥ. ಕಾರ್ಮಿಕ ಇಲಾಖೆ ‘ಸಂಧಾನ’ ಎನ್ನುತ್ತದೆ, ಲೋಕ ಅದಾಲತ್ತು ‘ರಾಜಿ’ ಎನ್ನುತ್ತದೆ, ಕರಾವಳಿಯ ಜನ ‘ಪಂಚಾತಿಕೆ’ ಎನ್ನುತ್ತಾರೆ. ಈ ನಾಲ್ಕರಲ್ಲಿ ಯಾವುದರ ಬಗ್ಗೆ ಮಾತು ನಡೆಯುತ್ತಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದಿದ್ದರೆ, ಸ್ಟಾಫ್ ನರ್ಸ್ ಒಬ್ಬಳನ್ನು ಕರೆಸಿ ‘ರಾಜಿ ಮಾಡಿಸುವುದು’ ಎಂದರೆ ಅವಳ ಬಾಯಿ ಮುಚ್ಚಿಸುವುದು ಎಂದಾಗಿಬಿಡಬಹುದು. ಈ ಕ್ರಮದ ಚರಿತ್ರೆಯ ಉದ್ದಕ್ಕೂ ಈ ಅಪಾಯ ಜೊತೆಗೇ ಬಂದಿದೆ.

ಊರ ಪಂಚಾತಿಕೆಯ ಹಿನ್ನೆಲೆ

ಈ ಪಂಚಾತಿಕೆಯ ನೆಲೆಯನ್ನು ಒಂದು ಊರಿನಿಂದ ನೋಡಬಹುದು: ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ, ಕಾರ್ಕಳದ ಗಡಿಗೆ ತಾಗಿದಂತೆ ನಾರಾವಿ ಇದೆ. ಸೂರ್ಯನಾರಾಯಣ ದೇವಸ್ಥಾನದಿಂದ ಹೆಸರಾದ ಈ ಊರಿನಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ ಇದೆ. ಈ ಸೀಮೆಯಲ್ಲಿ ಜಗಳ ಕೋರ್ಟಿಗೆ ಹೋಗುವ ಮೊದಲು ಹತ್ತಬೇಕಾದ ಮೆಟ್ಟಿಲುಗಳು ಬಹಳ. ಗುತ್ತಿನ ಮನೆಯ ಚಾವಡಿ, ಜಾತಿಯ ಗುರಿಕಾರ, ನೇಮದ ಹೊತ್ತಿನಲ್ಲಿ ದೈವದ ನುಡಿ, ಇವೆಲ್ಲ ದಾಟಿದ ಮೇಲೆ ಧರ್ಮಸ್ಥಳ. ಅಲ್ಲಿ ಧರ್ಮಾಧಿಕಾರಿ ಹೆಗ್ಗಡೆಯವರ ಮುಂದೆ ಪಾಲು, ಗಡಿ, ಸಾಲದ ವ್ಯಾಜ್ಯಗಳನ್ನು ಕಕ್ಷಿಗಳು ತಾವಾಗಿಯೇ ತಂದಿಟ್ಟು, ಸಿಕ್ಕಿದ ಮಾತಿಗೆ ಬದ್ಧರಾಗುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ಅದೇ ಕ್ಷೇತ್ರ ಅನ್ನ, ವಿದ್ಯೆಗಳ ಜೊತೆಗೆ ಔಷಧ, ಅಭಯ ಇವೆರಡನ್ನೂ ದಾನವೆಂದು ಎಣಿಸಿರುವುದನ್ನು ಇಲ್ಲಿ ನೆನೆಯಬೇಕು. ಮದ್ದು ಕೊಡುವುದೂ ಭಯ ಬಿಡಿಸುವುದೂ ಒಂದೇ ಸಾಲಿನ ಕೆಲಸಗಳು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಆದರೆ ಇವು ಇಂದಿನ ಅರ್ಥದ ಮಧ್ಯಸ್ಥಿಕೆಯಲ್ಲ. ಚಾವಡಿಯಲ್ಲಿ ಕೂತವರು ಮಾತು ಕೇಳಿಸಿಕೊಂಡ ಮೇಲೆ ತೀರ್ಮಾನ ಹೇಳುತ್ತಿದ್ದರು. ಅದನ್ನು ಮೀರಿದವರಿಗೆ ಊರಿನಲ್ಲಿ ಉಳಿಯುವುದು ಕಷ್ಟವಿತ್ತು. ಒಕ್ಕಲಿನವನಿಗೂ ಒಡೆಯನಿಗೂ ನಡುವಿನ ತಕರಾರಿನಲ್ಲಿ ಪಂಚಾತಿಕೆ ಮಾಡುವವರು ಬಹುಮಟ್ಟಿಗೆ ಒಡೆಯನ ಸಾಲಿನವರೇ. ಸರಿಸಮಾನರ ನಡುವೆ ಈ ಪದ್ಧತಿ ನ್ಯಾಯವನ್ನು ಬೇಗ ಕೊಟ್ಟಿರಬಹುದು, ಮೇಲುಕೀಳಿನ ನಡುವೆ ಅದು ಕೊಟ್ಟದ್ದು ಹೆಚ್ಚಾಗಿ ಶಾಂತಿಯನ್ನು ಮಾತ್ರ. ಆಸ್ಪತ್ರೆಯಷ್ಟು ಮೇಲುಕೀಳಿನ ಮೆಟ್ಟಿಲುಗಳಿರುವ ಕೆಲಸದ ಜಾಗ ಇನ್ನೊಂದು ಸಿಗುವುದು ಕಷ್ಟವಾದ್ದರಿಂದ ಈ ವ್ಯತ್ಯಾಸ ಮುಖ್ಯ.

ಕರಾವಳಿಯ ಆಧುನಿಕ ಆಸ್ಪತ್ರೆಗಳಲ್ಲಿ ಹಲವು ಮಿಷನ್ನುಗಳಿಂದ ಬಂದವು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಹೋಮಿಯೋಪತಿ ಔಷಧಾಲಯ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು ಮಕ್ಕಳಿಗೆಂದು ಆಸ್ಪತ್ರೆ ತೆರೆದರು. ಇಂಥ ಸಂಸ್ಥೆಗಳ ಬೆನ್ನೆಲುಬು ಸೇವೆ ಮತ್ತು ವಿಧೇಯತೆ. ವಾರ್ಡಿನ ಜಗಳಕ್ಕೆ ಮೇಟ್ರನ್ನರ ಮಾತೇ ಕೊನೆ. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಆಸ್ಪತ್ರೆಯೆಂದರೆ ನೂರಾರು ಜನ ದುಡಿಯುವ ಜಾಗ ಎಂಬುದು ಈ ಭಾಗದಲ್ಲಿ ಕಣ್ಣಿಗೆ ಕಾಣುವ ಸಂಗತಿಯಾಯಿತು. ಅಷ್ಟು ಜನ ಸೇರಿದ ಕಡೆ ಮೇಟ್ರನ್ನರ ಮಾತೊಂದೇ ಸಾಲದು.

ಸಂಧಾನಾಧಿಕಾರಿಯ ಬರವು

ಭಾರತದಲ್ಲಿ ಉದ್ಯೋಗ ವಿವಾದಕ್ಕೆ ಶಾಸನಬದ್ಧ ಸಂಧಾನ ಬಂದದ್ದು 1929ರ ಟ್ರೇಡ್ ಡಿಸ್ಪ್ಯೂಟ್ಸ್ ಕಾಯ್ದೆಯಿಂದ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಅದು ಅನ್ವಯಿಸಿತು. ಕಾಯಂ ಸಂಧಾನಾಧಿಕಾರಿಯ ಹುದ್ದೆಗೆ ಗಟ್ಟಿ ನೆಲೆ ಸಿಕ್ಕಿದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ. ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕಲ್ಲಿದ್ದಲು, ಸಿಮೆಂಟು, ಅಗ್ನಿಶಾಮಕ ದಳಗಳ ಸಾಲಿನಲ್ಲಿ ‘ಆಸ್ಪತ್ರೆ ಮತ್ತು ಔಷಧಾಲಯಗಳ ಸೇವೆ’ಯೂ ಸೇರಿತು. ಸರ್ಕಾರ ಅದನ್ನು ಸಾರ್ವಜನಿಕ ಉಪಯುಕ್ತ ಸೇವೆ ಎಂದು ಘೋಷಿಸಿದರೆ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಕಿತ್ತು. ನೋಟಿಸ್ ಬಂದೊಡನೆ ಅಧಿಕಾರಿ ಸಂಧಾನಕ್ಕೆ ಕರೆಯಲೇಬೇಕಿತ್ತು. ಸಂಧಾನ ನಡೆಯುವಾಗ ಮುಷ್ಕರ ಮಾಡುವಂತಿರಲಿಲ್ಲ.

ಈ ಸಂಧಾನ ಹೇಗಿರುತ್ತದೆಂದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದವರಿಗೆ ಗೊತ್ತು. ಮೇಜಿನ ಈಚೆ ಯೂನಿಯನ್ನಿನವರು, ಆಚೆ ಆಡಳಿತದ ಪರವಾಗಿ ಬಂದ ಅಧಿಕಾರಿ ಅಥವಾ ವಕೀಲರು, ನಡುವೆ ಸಹಾಯಕ ಕಾರ್ಮಿಕ ಆಯುಕ್ತರು. ಒಟ್ಟಿಗೆ ಕೂರಿಸಿ ಮಾತು ಕಟ್ಟದಿದ್ದಾಗ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಎಲ್ಲಿಯವರೆಗೆ ಬರಬಲ್ಲರೆಂದು ಅಳೆಯುತ್ತಾರೆ. 1947ರ ಕಾಯ್ದೆಯಡಿ, ಕೂಡಿ ಬಂದರೆ ಅದರ 12(3)ನೇ ಕಲಮಿನ ಒಪ್ಪಂದವಾಗುತ್ತಿತ್ತು. ಅದಕ್ಕೆ ಸಹಿ ಹಾಕಿದವರಿಗೆ ಮಾತ್ರವಲ್ಲ, ಆ ಸಂಸ್ಥೆಯ ಎಲ್ಲ ಕೆಲಸಗಾರರಿಗೂ, ಮುಂದೆ ಸೇರುವವರಿಗೂ ಅದು ಅನ್ವಯಿಸುತ್ತಿತ್ತು. ಕೂಡಿ ಬರದಿದ್ದರೆ ವಿಫಲ ವರದಿ ಸರ್ಕಾರಕ್ಕೆ ಹೋಗುತ್ತಿತ್ತು, ಸರ್ಕಾರ ಮನಸ್ಸು ಮಾಡಿದರೆ ಪ್ರಕರಣ ಲೇಬರ್ ಕೋರ್ಟಿಗೆ ಬರುತ್ತಿತ್ತು. ಈ ಕಾಯುವಿಕೆಯಿಂದ ಕೆಲಸ ಕಳೆದುಕೊಂಡವರು ಬಸವಳಿಯುತ್ತಿದ್ದುದನ್ನು ಕಂಡು ಕರ್ನಾಟಕ 1988ರಲ್ಲಿ ತನ್ನದೇ ತಿದ್ದುಪಡಿ ತಂದಿತು: ವಜಾಗೊಂಡ ಕೆಲಸಗಾರ 6 ತಿಂಗಳೊಳಗೆ ನೇರವಾಗಿ ಲೇಬರ್ ಕೋರ್ಟಿಗೇ ಅರ್ಜಿ ಹಾಕಬಹುದಿತ್ತು. ಸಂಧಾನವೇ ತಡೆಗೋಡೆಯಾದಾಗ ಅದನ್ನು ದಾಟಿಹೋಗುವ ಬಾಗಿಲನ್ನೂ ಇಡಬೇಕು ಎಂಬ ತಿಳಿವು ಈ ತಿದ್ದುಪಡಿಯಲ್ಲಿದೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಆಸ್ಪತ್ರೆ ‘ಉದ್ದಿಮೆ’ಯೇ?

1947ರ ಕಾಯ್ದೆ ‘ಉದ್ದಿಮೆ’ಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಈ ಸಂಧಾನದ ಮೇಜಿಗೆ ಆಸ್ಪತ್ರೆಯ ನೌಕರ ಬರಬಹುದೇ ಎಂಬ ಪ್ರಶ್ನೆಯೇ 18 ವರ್ಷ ಹೊಯ್ದಾಡಿತು. ಮುಂಬಯಿಯ ಜೆ.ಜೆ. ಆಸ್ಪತ್ರೆ ಸಮೂಹದಲ್ಲಿ ಕೆಲಸದಿಂದ ತೆಗೆದ ವಾರ್ಡ್ ಸೇವಕರ ಪ್ರಕರಣದಲ್ಲಿ, 1960ರಲ್ಲಿ, ಸುಪ್ರೀಂ ಕೋರ್ಟು ಸರ್ಕಾರಿ ಆಸ್ಪತ್ರೆಯೂ ಉದ್ದಿಮೆಯೇ ಎಂದಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ, ಅಲ್ಲಿಯದೇ ಕ್ಷಯರೋಗ ಆಸ್ಪತ್ರೆ ಮತ್ತು ಪಟ್ನಾದ ಕುರ್ಜಿ ಹೋಲಿ ಫ್ಯಾಮಿಲಿ ಆಸ್ಪತ್ರೆಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸೇವೆಗೆಂದು ನಡೆಸುವ ಆಸ್ಪತ್ರೆ ಉದ್ದಿಮೆಯಲ್ಲ ಎಂದು ತಿರುಗಿಸಿ ಹೇಳಿತು. ಇದರೊಂದಿಗೆ ಅಂಥ ಆಸ್ಪತ್ರೆಗಳ ಆಯಾ, ವಾರ್ಡ್ ಬಾಯ್, ನರ್ಸುಗಳಿಗೆ ಸಂಧಾನಾಧಿಕಾರಿಯ ಬಾಗಿಲು ಮುಚ್ಚಿತು.

ಅದನ್ನು ಮತ್ತೆ ತೆರೆದದ್ದು ಕನ್ನಡ ನಾಡಿನಿಂದ ಹೋದ ಪ್ರಕರಣ, ಅದೂ ಆಸ್ಪತ್ರೆಗೆ ಸಂಬಂಧವೇ ಇಲ್ಲದ್ದು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡಿದುಕೊಂಡಿತ್ತು. ಅವರು ಅದನ್ನು ವಾಪಸು ಕೇಳಿದರು. ಮಂಡಳಿ ಉದ್ದಿಮೆಯೇ ಅಲ್ಲ ಎಂಬುದು ಆಡಳಿತದ ವಾದ. 1978ರ ಫೆಬ್ರವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಮುಖ್ಯ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಕ್ರಮಬದ್ಧವಾಗಿ, ಒಡೆಯ ಮತ್ತು ಕೆಲಸಗಾರರ ಸಹಕಾರದಿಂದ, ಜನರ ಬೇಕುಗಳನ್ನು ಪೂರೈಸುವ ವಸ್ತು ಅಥವಾ ಸೇವೆ ನೀಡುವ ಚಟುವಟಿಕೆಯೆಲ್ಲ ಉದ್ದಿಮೆ; ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಸಫ್ದರ್‌ಜಂಗ್ ತೀರ್ಪು ಬಿದ್ದುಹೋಯಿತು. ಬೆಂಗಳೂರಿನ ನಲ್ಲಿ ನೀರಿನ ಮಂಡಳಿಯ ನೌಕರರು ದಂಡದ ಹಣಕ್ಕಾಗಿ ನಡೆಸಿದ ಹೋರಾಟ ದೇಶದ ಆಸ್ಪತ್ರೆ ನೌಕರರನ್ನು ಸಂಧಾನದ ಮೇಜಿಗೆ ಮರಳಿ ತಂದಿತು.

ಸರ್ಕಾರಕ್ಕೆ ಇದು ಪೂರ್ತಿ ಹಿಡಿಸಲಿಲ್ಲ. 1982ರಲ್ಲಿ ಸಂಸತ್ತು ಆಸ್ಪತ್ರೆಗಳನ್ನು ಉದ್ದಿಮೆಯ ವ್ಯಾಖ್ಯೆಯಿಂದ ಹೊರಗಿಡುವ ತಿದ್ದುಪಡಿ ಅಂಗೀಕರಿಸಿತು. ಆದರೆ ಹೊರಗಾದವರಿಗೆ ಬೇರೆ ಪರಿಹಾರ ವ್ಯವಸ್ಥೆ ಬೇಕಲ್ಲ. ಅದಕ್ಕೆಂದು ತಂದ ಮಸೂದೆ ಕಾನೂನಾಗಲಿಲ್ಲ. ಹಾಗಾಗಿ ಆ ವ್ಯಾಖ್ಯೆ ಕಾಗದದಲ್ಲೇ ಉಳಿಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು 1947ರ ಕಾಯ್ದೆಯನ್ನು ತೆರೆಮರೆಗೆ ಸರಿಸಿತು. ಅದರಲ್ಲಿ 14 ದಿನಗಳ ನೋಟಿಸ್ ಆಸ್ಪತ್ರೆಯಂಥ ಸೇವೆಗಳಿಗಷ್ಟೇ ಅಲ್ಲದೆ ಎಲ್ಲ ಉದ್ದಿಮೆಗಳಿಗೂ ಬಂದಿದೆ, 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಕಡ್ಡಾಯ. ಜೊತೆಗೆ ಪೂರ್ತಿಯಾಗಿ ಅಥವಾ ಬಹುಪಾಲು ದತ್ತಿ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು ಉದ್ದಿಮೆಯಿಂದ ಹೊರಗಿಟ್ಟಿದೆ. ಟ್ರಸ್ಟುಗಳೂ ಧಾರ್ಮಿಕ ಸಂಸ್ಥೆಗಳೂ ಆಸ್ಪತ್ರೆ ನಡೆಸುವ ದಕ್ಷಿಣ ಕನ್ನಡದಂಥ ಜಿಲ್ಲೆಯಲ್ಲಿ ಈ ಒಂದು ವಾಕ್ಯದ ಅರ್ಥ ಎಲ್ಲಿಯವರೆಗೆ ಹಿಗ್ಗುತ್ತದೆ ಎಂಬುದರ ಮೇಲೆ ಸಾವಿರಾರು ನೌಕರರ ದಾರಿ ನಿಂತಿದೆ.

ಹೊರನಾಡುಗಳಲ್ಲಿ

ಅಮೆರಿಕದಲ್ಲೂ ಇದೇ ಹೊಯ್ದಾಟ ನಡೆಯಿತು. 1947ರ ಟಾಫ್ಟ್–ಹಾರ್ಟ್‌ಲಿ ಕಾಯ್ದೆ ಸಂಯುಕ್ತ ಸರ್ಕಾರದ ಮಧ್ಯಸ್ಥಿಕೆ ಸೇವೆಯನ್ನು ಸ್ಥಾಪಿಸಿತಾದರೂ ಲಾಭರಹಿತ ಆಸ್ಪತ್ರೆಗಳನ್ನು ಕಾರ್ಮಿಕ ಸಂಬಂಧಗಳ ಕಾನೂನಿನಿಂದ ಹೊರಗಿಟ್ಟಿತು. 1974ರ ತಿದ್ದುಪಡಿ ಅವನ್ನು ಒಳಗೆ ತಂದಿತು. ಮುಷ್ಕರಕ್ಕೆ 10 ದಿನಗಳ ಮುನ್ಸೂಚನೆ ಮತ್ತು ಸರ್ಕಾರಿ ಮಧ್ಯಸ್ಥರ ಮುಂದೆ ಮಾತುಕತೆ ಎಂಬ ಎರಡು ಷರತ್ತುಗಳು ಅದರಲ್ಲಿದ್ದವು. ಬ್ರಿಟನ್ನಿನಲ್ಲಿ ಸಲಹೆ, ಸಂಧಾನ, ಪಂಚಾಯ್ತಿ ಮೂರನ್ನೂ ಒಂದೇ ಸೂರಿನಡಿ ತಂದ ‘ಅಕಾಸ್’ ಸಂಸ್ಥೆ ಹುಟ್ಟಿದ್ದೂ 1974ರಲ್ಲೇ.

ಇವೆಲ್ಲ ಗುಂಪಿನ ವಿವಾದಗಳ ಮಾತು. ಒಬ್ಬ ಸರ್ಜನ್ನಿಗೂ ಒಬ್ಬ ನರ್ಸಿಗೂ ನಡುವಿನ ಬಿಸಿ ಉಸಿರನ್ನು ಗಂಭೀರ ಅಧ್ಯಯನಕ್ಕೆ ತಂದವರಲ್ಲಿ ಅಮೆರಿಕದ ಮನೋವೈದ್ಯ ಲೆನರ್ಡ್ ಸ್ಟೈನ್ ಮೊದಲಿಗರು. 1967ರ ಲೇಖನವೊಂದರಲ್ಲಿ ಅವರು ‘ವೈದ್ಯ–ನರ್ಸ್ ಆಟ’ವನ್ನು ವಿವರಿಸಿದರು. ನರ್ಸಿಗೆ ರೋಗಿಯ ಸ್ಥಿತಿ ಗೊತ್ತು, ಏನು ಮಾಡಬೇಕೆಂಬುದೂ ಗೊತ್ತು. ಆದರೆ ಆ ಸಲಹೆ ವೈದ್ಯರಿಗೇ ಹೊಳೆದಂತೆ ಕಾಣುವ ಹಾಗೆ ಅವಳು ಮಾತಾಡಬೇಕು. ನೇರವಾಗಿ ಹೇಳಿದರೆ ಉದ್ಧಟತನ, ಹೇಳದಿದ್ದರೆ ಕರ್ತವ್ಯಲೋಪ. ನಮ್ಮ ಯಾವ ವಾರ್ಡಿನಲ್ಲಿ ನಿಂತು ಕೇಳಿದರೂ ಈ ಆಟದ ಮಾತು ಕಿವಿಗೆ ಬೀಳುತ್ತದೆ: “ಸರ್, ಬಿಪಿ ಸ್ವಲ್ಪ ಕಡಿಮೆ ಇದ್ದ ಹಾಗೆ ಇತ್ತು, ನೀವು ಒಮ್ಮೆ ನೋಡಿದರೆ...” ಆ ವಾಕ್ಯ ಮುಗಿಯದೆ ನಿಲ್ಲುವ ಜಾಗದಲ್ಲೇ ಎಷ್ಟೋ ಜಗಳಗಳ ಬೇರು ಇದೆ.

1990ರ ದಶಕದಲ್ಲಿ ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಲೆನರ್ಡ್ ಮಾರ್ಕಸ್ ಮತ್ತು ಸಂಗಡಿಗರು ಆರೋಗ್ಯಸೇವೆಯ ಮಾತುಕತೆ ಮತ್ತು ವಿವಾದ ಪರಿಹಾರವನ್ನೇ ಪಾಠವಾಗಿ ಕಟ್ಟಿದರು. 1995ರಲ್ಲಿ ಅದರ ಮೇಲೆ ಪುಸ್ತಕ ಬಂತು. ನಿಜವಾದ ತಿರುವು 2008ರ ಜುಲೈನದು. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಅಮೆರಿಕದ ಜಾಯಿಂಟ್ ಕಮಿಷನ್, ಬೈಗುಳ, ಹೆದರಿಕೆ, ಕರೆದರೂ ಉತ್ತರಿಸದಿರುವುದು ಮುಂತಾದ ನಡವಳಿಕೆಗಳು ರೋಗಿಯ ಸುರಕ್ಷತೆಗೇ ಕುತ್ತು ಎಂದು ಎಚ್ಚರಿಸಿ, 2009ರಿಂದ ಅವುಗಳನ್ನು ನಿಭಾಯಿಸುವ ವ್ಯವಸ್ಥೆ ಪ್ರತಿ ಆಸ್ಪತ್ರೆಯಲ್ಲೂ ಇರಬೇಕೆಂದು ವಿಧಿಸಿತು. ಅಲ್ಲಿಯವರೆಗೆ ಸಿಬ್ಬಂದಿಯ ಜಗಳ ಸಿಬ್ಬಂದಿಯ ಖಾಸಗಿ ವಿಷಯವಾಗಿತ್ತು; ಅಲ್ಲಿಂದ ಅದು ಹಾಸಿಗೆಯಲ್ಲಿ ಮಲಗಿದವನ ವಿಷಯವೂ ಆಯಿತು. ಭಾರತದ ಆಸ್ಪತ್ರೆ ಮಾನ್ಯತಾ ಮಂಡಳಿಯಾದ ಎನ್‌ಎಬಿಎಚ್‌ನ ಮಾನದಂಡಗಳೂ ಸಿಬ್ಬಂದಿಯ ಕುಂದುಕೊರತೆ ಆಲಿಸುವ ವ್ಯವಸ್ಥೆಯನ್ನು ಕೇಳುತ್ತವೆ.

ಕರ್ನಾಟಕದ ನ್ಯಾಯಾಲಯಗಳಿಂದ ಹೊರಟ ದಾರಿ

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಂದು ಜಾರಿಗೆ ಬಂದು, ವ್ಯಾಜ್ಯವನ್ನು ಮಾತುಕತೆಗೆ ಒಪ್ಪಿಸುವ ಅಧಿಕಾರ ನ್ಯಾಯಾಲಯಗಳಿಗೆ ಸಿಕ್ಕಿತು. ಕರ್ನಾಟಕ ಹೈಕೋರ್ಟಿನ ಅಂಗವಾಗಿ ಬೆಂಗಳೂರಿನ ನ್ಯಾಯದೇಗುಲದಲ್ಲಿ 2007ರ ಜನವರಿಯಿಂದ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ತರಬೇತಿ ಪಡೆದ ವಕೀಲರೇ ಅಲ್ಲಿ ಮಧ್ಯಸ್ಥರು. ಕೌಟುಂಬಿಕ ಪ್ರಕರಣ, ಪಾಲುಪಟ್ಟಿ, ಚೆಕ್ ಬೌನ್ಸ್ ಇವುಗಳಲ್ಲಿ ಈ ಕ್ರಮ ಚೆನ್ನಾಗಿ ಬೇರುಬಿಟ್ಟಿತು. ಕೆಲಸದ ಜಾಗದ ಜಗಳಗಳಿಗೆ ಅದು ತಲುಪಿದ್ದು ಕಡಿಮೆ. ಆಸ್ಪತ್ರೆಯ ಜಗಳ ಕೋರ್ಟಿಗೆ ಬರುವ ಹೊತ್ತಿಗೆ ಒಬ್ಬರು ರಾಜೀನಾಮೆ ಕೊಟ್ಟೋ ವಜಾ ಆಗಿಯೋ ಹೊರಗಿರುತ್ತಾರೆ. ಕೂಡಿಸಬೇಕಾದ ಸಂಬಂಧವೇ ಉಳಿದಿರುವುದಿಲ್ಲ.

2023ರ ಮಧ್ಯಸ್ಥಿಕೆ ಕಾಯ್ದೆ ಈ ಕೆಲಸಕ್ಕೆ ಮೊದಲ ಬಾರಿಗೆ ಸ್ವತಂತ್ರ ಶಾಸನದ ಬಲ ಕೊಟ್ಟಿತು. ಮುಗಿಸಲು 120 ದಿನ, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ. ಒಳಗೆ ಆಡಿದ ಮಾತು ಹೊರಗೆ ಸಾಕ್ಷ್ಯವಾಗದು. ಆದರೆ ವೈದ್ಯರ ನೋಂದಣಿ, ಶಿಸ್ತು, ದುರ್ನಡತೆ ಕುರಿತು ಶಾಸನಬದ್ಧ ಮಂಡಳಿಯ ಮುಂದಿರುವ ದೂರುಗಳನ್ನು ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಇದು ಸರಿಯಾದ ಗೆರೆ. ಇಬ್ಬರು ಸಹೋದ್ಯೋಗಿಗಳು ತಮ್ಮ ನಡುವಿನ ಕಹಿಯನ್ನು ಮರೆಯಬಹುದು, ಮೂರನೆಯವನಾದ ರೋಗಿಗೆ ಆದ ಅಪಾಯವನ್ನು ಅವರಿಬ್ಬರೇ ಕೂತು ಮನ್ನಿಸುವಂತಿಲ್ಲ.

ಇನ್ನೊಂದು ಗೆರೆ ಹೆಣ್ಣುಮಕ್ಕಳ ವಿಷಯದಲ್ಲಿದೆ. ನರ್ಸಿಂಗ್ ಬಹುಪಾಲು ಹೆಂಗಸರ ವೃತ್ತಿಯಾದ್ದರಿಂದ ಅದನ್ನು ಒತ್ತಿ ಹೇಳಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಸಂಧಾನಕ್ಕೆ ಅವಕಾಶ ಇದೆ, ಆದರೆ ನೊಂದ ಮಹಿಳೆಯೇ ಕೇಳಿದರೆ ಮಾತ್ರ. ಆ ಸಂಧಾನಕ್ಕೆ ಹಣ ಆಧಾರವಾಗಕೂಡದು. ಆಡಳಿತ ಮಂಡಳಿಯವರೋ ಹಿರಿಯ ವೈದ್ಯರೋ ಆಕೆಯನ್ನು ಕೂರಿಸಿಕೊಂಡು “ಆಸ್ಪತ್ರೆಯ ಹೆಸರು ಹಾಳಾಗುತ್ತದಮ್ಮ, ಇಲ್ಲಿಗೇ ಬಿಟ್ಟುಬಿಡು” ಎನ್ನುವುದನ್ನು ಈ ಕಾಯ್ದೆಯ ಸಂಧಾನವೆಂದು ಕರೆಯಲಾಗದು. ಜಾತಿ ನಿಂದನೆ, ಹಲ್ಲೆಗಳಿಗೂ ಈ ಮೇಜು ಸಲ್ಲದು.

ಬೀದಿಗಿಳಿದ ಮೇಲಿನ ಮಾತುಕತೆ

ಕಾನೂನಿನ ಮೇಜು ಸಿಗದವರು ಬೀದಿಯಲ್ಲಿ ಕೂತು ಮೇಜನ್ನು ತಾವೇ ಕರೆಸಿಕೊಂಡದ್ದೂ ಈ ಚರಿತ್ರೆಯ ಭಾಗ. ಮಗ್ಗುಲಿನ ಕೇರಳದಲ್ಲಿ 2011ರಲ್ಲಿ ಸಂಘಟಿತರಾದ ಖಾಸಗಿ ಆಸ್ಪತ್ರೆಗಳ ನರ್ಸುಗಳು 2017ರಲ್ಲಿ ದೊಡ್ಡ ಮುಷ್ಕರ ಹೂಡಿದಾಗ, ಆ ಜುಲೈಯಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ನಡೆಸಿದ ಮಾತುಕತೆಯಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 20,000 ರೂಪಾಯಿ ಎಂದು ಗೊತ್ತಾಯಿತು.

ಕರ್ನಾಟಕದಲ್ಲಿ ಹೆಚ್ಚು ಪಾಠ ಹೇಳುವ ಪ್ರಕರಣ ಆಶಾ ಕಾರ್ಯಕರ್ತೆಯರದು. 2005ರಲ್ಲಿ ಹುಟ್ಟಿದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅವರನ್ನು ಸ್ವಯಂಸೇವಕಿಯರೆಂದು ಕರೆಯಿತು. ಬಸುರಿಯರ ಮನೆ ಭೇಟಿ, ಹೆರಿಗೆಗೆ ಜೊತೆ ಹೋಗುವುದು, ಲಸಿಕೆ ದಿನ ಮಕ್ಕಳನ್ನು ಕರೆತರುವುದು, ಸಮೀಕ್ಷೆ, ಆ್ಯಪಿನಲ್ಲಿ ಭರ್ತಿ ಎಲ್ಲವೂ ಅವರ ಕೆಲಸವೇ, ಆದರೆ ಸಿಗುವುದು ಗೌರವಧನ, ಪ್ರೋತ್ಸಾಹಧನ. ‘ಕೆಲಸಗಾರ’ರಲ್ಲವಾದ್ದರಿಂದ ಸಂಧಾನಾಧಿಕಾರಿಯ ಬಾಗಿಲೂ ಇಲ್ಲ. ಇಂಥ ಯೋಜನಾ ಕಾರ್ಯಕರ್ತೆಯರನ್ನು ಕೆಲಸಗಾರರೆಂದು ಗುರುತಿಸಬೇಕೆಂದು ಭಾರತೀಯ ಕಾರ್ಮಿಕ ಸಮ್ಮೇಳನ 2013ರಲ್ಲೇ ಶಿಫಾರಸು ಮಾಡಿತ್ತು. 2020ರ ಜುಲೈಯಲ್ಲಿ, ಕೊರೊನಾ ಏರುತ್ತಿದ್ದಾಗಲೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಅವರು ಕೆಲಸ ನಿಲ್ಲಿಸಿದರು. 2025ರ ಜನವರಿ 7ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. 10ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಘದ ಮುಖಂಡರೊಂದಿಗೆ ಮಾತನಾಡಿ ಎಲ್ಲ ಸೇರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತರಿ ಎಂದ ಮೇಲೆ ಧರಣಿ ಎದ್ದಿತು. ಒಪ್ಪಿದ್ದು ಕೈಗೆ ಬಂದಿಲ್ಲವೆಂದು ಅದೇ ವರ್ಷದ ಆಗಸ್ಟಿನಲ್ಲಿ ಮತ್ತೆ ಕೂರಬೇಕಾಯಿತು. 12(3) ಒಪ್ಪಂದವಾಗಿದ್ದರೆ ಅದನ್ನು ಮುರಿದವರನ್ನು ಕಾನೂನಿನಡಿ ಕೇಳಬಹುದಿತ್ತು. ಆಡಿದ ಮಾತಿನ ಹಿಂದೆ ಅಂಥ ಬಲ ಇರಲಿಲ್ಲ.

ಒಂದು ಆರೋಗ್ಯ ಕೇಂದ್ರ, ಹಲವು ದಾರಿ

ನಾರಾವಿಯಂಥ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಎಲ್ಲ ಚರಿತ್ರೆ ಕೆಲವೇ ಕೋಣೆಗಳಲ್ಲಿ ಒಟ್ಟಿಗೆ ಕೂತಿರುತ್ತದೆ. ಕಾಯಂ ವೈದ್ಯಾಧಿಕಾರಿ ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಸರ್ಕಾರಿ ನೌಕರರು. ಅವರ ದೂರು ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಮೂಲಕ ಹೋಗಿ, ಮುಗಿಯದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಮುಟ್ಟುತ್ತದೆ. ಗುತ್ತಿಗೆಯ ಸ್ಟಾಫ್ ನರ್ಸಿಗೂ ಲ್ಯಾಬ್ ಟೆಕ್ನಿಶಿಯನ್ನಿಗೂ ವರ್ಷ ವರ್ಷ ನವೀಕರಿಸುವ ಕರಾರುಪತ್ರವೇ ಗತಿ. ನವೀಕರಣಕ್ಕೆ ಶಿಫಾರಸು ಮಾಡಬೇಕಾದವರ ಮೇಲೇ ತಕರಾರು ಇದ್ದರೆ ಅದು ಬಾಯಿಗೆ ಬರುವುದು ಅಪರೂಪ. ಹೊರಗುತ್ತಿಗೆಯ ಗ್ರೂಪ್ ಡಿ ನೌಕರನ ಒಡೆಯ ಎಲ್ಲೋ ದೂರದ ಏಜೆನ್ಸಿ. ಆ ನೌಕರನಿಗೆ ಕಾರ್ಮಿಕ ಇಲಾಖೆಯ ದಾರಿ ಇದೆ, ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಆಶಾ ಕಾರ್ಯಕರ್ತೆಗೆ ದಾರಿಯೇ ಬರೆದಿಲ್ಲ.

ಹಾಗಾಗಿ ಲಸಿಕೆ ಡಬ್ಬಿ ಯಾರು ಹೊರಬೇಕು, ಭಾನುವಾರದ ಹೆರಿಗೆಗೆ ಯಾರು ಬರಬೇಕು, ತಪ್ಪು ವರದಿಗೆ ಯಾರ ಹೆಸರು ಬರೆಯಬೇಕು ಎಂಬ ಜಗಳಗಳಿಗೆ ಇಲಾಖೆ ಕಂಡುಕೊಂಡಿರುವ ಎರಡು ಉತ್ತರಗಳೆಂದರೆ ಕಾರಣ ಕೇಳಿ ನೋಟಿಸ್ ಮತ್ತು ವರ್ಗಾವಣೆ. ನೋಟಿಸ್ ಒಬ್ಬರನ್ನು ತಪ್ಪಿತಸ್ಥರಾಗಿ ಮಾಡಿ ಉಳಿದವರನ್ನು ಎಚ್ಚರಿಸುತ್ತದೆ. ವರ್ಗಾವಣೆ ಜಗಳವನ್ನು ಇನ್ನೊಂದು ಊರಿಗೆ ಕಳಿಸುತ್ತದೆ, ಇಲ್ಲಿನ ಹುದ್ದೆ ಖಾಲಿ ಬೀಳುತ್ತದೆ. 2023ರ ಕಾಯ್ದೆ ಒಂದು ಪ್ರದೇಶದ ನೆಮ್ಮದಿ ಕೆಡಿಸುವ ವಿವಾದಗಳಿಗೆ ಮೂವರು ಮಧ್ಯಸ್ಥರ ‘ಸಮುದಾಯ ಮಧ್ಯಸ್ಥಿಕೆ’ಯನ್ನು ಬರೆದಿಟ್ಟಿದೆ. ಊರಿನ ಗೌರವಸ್ಥರಿಗೂ ಮಹಿಳಾ ಪ್ರತಿನಿಧಿಗಳಿಗೂ ಆ ಮೂವರಲ್ಲಿ ಜಾಗ ಇದೆ. ಅಲ್ಲಿ ಆದ ಒಪ್ಪಂದ ಡಿಕ್ರಿಯಂತೆ ಜಾರಿಯಾಗದು. ಹಳೆಯ ಚಾವಡಿಗೆ ಇಷ್ಟು ಹತ್ತಿರದ ಏರ್ಪಾಟು ಭಾರತದ ಶಾಸನದಲ್ಲಿ ಇನ್ನೊಂದಿಲ್ಲ. ಆಶಾ ಕಾರ್ಯಕರ್ತೆಯೂ ವೈದ್ಯಾಧಿಕಾರಿಯೂ ಅಲ್ಲಿ ಎದುರುಬದುರು ಒಂದೇ ಎತ್ತರದ ಕುರ್ಚಿಗಳಲ್ಲಿ ಕೂತು ಮಾತಾಡುವಂತಾಗಬೇಕಾದರೆ, ಮೊದಲು ಆಕೆ ಕೆಲಸಗಾರ್ತಿ ಎಂದು ಕಾಗದದಲ್ಲಿ ಬರೆಯಬೇಕು.